ಸೋಮವಾರದ ನೊಗ

ಜೇವರ್ಗಿಯಿಂದ ಹಳ್ಳಿಗಳ ಕಡೆ ಹೊರಟರೆ, ತೊಗರಿ ಹೂಬಿಟ್ಟ ದಿನಗಳಲ್ಲಿ, ಬೈಕ್ ಓಡಿಸುತ್ತಿದ್ದೇನೆ ಎಂಬುದೇ ನನಗೆ ಮರೆತುಹೋಗುತ್ತದೆ. ಎರಡೂ ಬದಿಗೆ ಹಳದಿ, ನಡುವೆ ಎರೆಮಣ್ಣಿನ ದಾರಿ, ತುಸು ಮುಂದೆ ಬಿಸಿಲಲ್ಲಿ ನೀರು ನಿಂತಂತೆ ಕಾಣುವ ಹೊಳಪು. ಹತ್ತಿರ ಹೋದರೆ ಆ ನೀರು ಇನ್ನಷ್ಟು ಮುಂದೆ ಸರಿದಿರುತ್ತದೆ. ಹಿಂದಿನ ಸೀಟಿಗೆ ಕಟ್ಟಿದ ಲಸಿಕೆಯ ಡಬ್ಬಿಯೊಳಗೆ ಐಸು ಗಡಗಡ ಎನ್ನುತ್ತಿರುತ್ತದೆ. ಆ ಸದ್ದಿನ ಜೊತೆಗೇ ತಲೆಯೊಳಗೆ ಒಂದೊಂದು ಸಾಲು ಹುಟ್ಟುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆದಾಗ ಅರ್ಧ ಸಾಲು ಬಿದ್ದುಹೋಗುತ್ತದೆ, ಉಳಿದರ್ಧ ಊರು ಮುಟ್ಟುವತನಕ ಜೊತೆಗಿರುತ್ತದೆ.

ನಾನು ಪಶು ಆಸ್ಪತ್ರೆಯಲ್ಲಿ ಜಾನುವಾರು ಅಧಿಕಾರಿ. ಹೆಸರು ದೊಡ್ಡದು, ಕೆಲಸ ಸಗಣಿಯದು. ಮಂದಿ ನನ್ನನ್ನು ಡಾಕ್ಟ್ರೇ ಎನ್ನುತ್ತಾರೆ. ಡಾಕ್ಟರ್ ಅಲ್ಲ ಎಂದು ತಿದ್ದಿ ತಿದ್ದಿ ಸಾಕಾಗಿ ಈಗ ಬಿಟ್ಟುಬಿಟ್ಟಿದ್ದೇನೆ. ಮೊದಲು ಆಳಂದ, ಆಮೇಲೆ ಅಫಜಲಪುರ ತಾಲೂಕಿನ ಅತನೂರ, ಈಗ ಜೇವರ್ಗಿ. ಮೂರೂ ತಾಲೂಕಿನ ದನಗಳು ನನ್ನ ಬೈಕಿನ ಸದ್ದು ಕೇಳಿದರೆ ಕಿವಿ ಹಿಂದಕ್ಕೆ ಮಾಡುತ್ತವೆ. ನನ್ನನ್ನು ಅಷ್ಟು ಖಾತ್ರಿಯಾಗಿ ಗುರುತು ಹಿಡಿಯುವವರು ಬೇರೆ ಯಾರೂ ಇಲ್ಲ.

ಬ್ಲಾಗ್ ಶುರುವಾದದ್ದು ಅತನೂರದಲ್ಲಿ. ಅಲ್ಲಿ ಒಬ್ಬ ರೈತನ ಎಮ್ಮೆ ಅವನ ಹೆಂಡತಿಯ ಕೈಗೆ ಮಾತ್ರ ಹಾಲು ಕೊಡುತ್ತಿತ್ತು. ಆಕೆ ತವರಿಗೆ ಹೋದಳು. ಮೂರನೆಯ ದಿನ ಎಮ್ಮೆಯ ಕೆಚ್ಚಲು ಬಾತುಕೊಂಡು ನನಗೆ ಕರೆ ಬಂತು. ನಾನು ಹೋಗಿ ನೋಡಿದರೆ, ಆ ಮೀಸೆಯ ಮನುಷ್ಯ ಹೆಂಡತಿಯ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಎಮ್ಮೆಯ ಮಗ್ಗುಲಿಗೆ ಕೂತಿದ್ದ. ಎಮ್ಮೆ ಒಮ್ಮೆ ಮೂಸಿ ನೋಡಿತು, ಆಮೇಲೆ ಧಾರಾಳವಾಗಿ ಹಾಲು ಬಿಟ್ಟಿತು. 'ಸಾಹೇಬ್ರ, ಯಾರಿಗೂ ಹೇಳಬ್ಯಾಡ್ರಿ' ಎಂದ. ಅವನ ಹೆಸರು ಹೇಳಲಿಲ್ಲ, ಊರಿಗೆಲ್ಲ ಗೊತ್ತಾಗುವ ಗುರುತನ್ನೂ ಕೊಡಲಿಲ್ಲ, ಆದರೆ ಬರೆಯದೆ ಇರಲು ಆಗಲಿಲ್ಲ. ಮನೆಗೆ ಬಂದು ಫೋನಿನಲ್ಲೇ ಬರೆದು ಹಾಕಿದೆ. ಓದಿದವರು ನಕ್ಕರು. ಆಮೇಲೆ ಅದೇ ಚಟವಾಯಿತು. ಹೊಳೆದಾಗ ಬರೆಯುತ್ತಿದ್ದೆ, ಹೊಳೆಯದಿದ್ದರೆ ಇಲ್ಲ. ಒಮ್ಮೆ ಒಂದೇ ವಾರದಲ್ಲಿ ನಾಲ್ಕು ಬರೆದಿದ್ದೆ, ಒಮ್ಮೆ ಇಡೀ ಮಳೆಗಾಲ ಸುಮ್ಮನಿದ್ದೆ. ಅದು ತಪ್ಪು ಎಂದು ನನಗೆ ಗೊತ್ತೇ ಇರಲಿಲ್ಲ.

ತಪ್ಪು ಎಂದು ಹೇಳಿಕೊಟ್ಟವನು ಇಲಾಖೆಯ ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ಒಬ್ಬ ಹೊಸ ನೌಕರ. ಇಂಥ ವಿಷಯಗಳಲ್ಲಿ ಬಹಳ ಓದಿಕೊಂಡವನು. 'ಚಂದ ಬರೀತೀರಿ ಸರ್, ಆದ್ರ ಯಾವಾಗ ಹಾಕ್ತೀರಿ ಅಂತ ಒಂದು ಗೊತ್ತಿರಬೇಕ್ರಿ. ಇಲ್ಲಾಂದ್ರ ಮಂದಿ ಮರೀತಾರ' ಎಂದ. ಮರೆಯುತ್ತಾರೆ ಎಂಬ ಮಾತು ನನಗೆ ನಾಟಿತು. ಮಧ್ಯಾಹ್ನದ ಊಟದ ಮೇಲಿನ ತರಗತಿಯಲ್ಲಿ, ತೂಕಡಿಕೆಯ ನಡುವೆ, ನಾನು ಇದನ್ನೇ ಯೋಚಿಸುತ್ತ ಕೂತೆ.

ದನದ ಕೆಲಸದವರಿಗೆ ಅಂತರದ ವಿಚಾರ ಹೊಸದಲ್ಲ. ಹಾಲು ಹಿಂಡುವುದು ದಿನಕ್ಕೆರಡು ಸಲ. ಬೆದೆ ತಪ್ಪಿದ ಆಕಳು ಇಪ್ಪತ್ತೊಂದು ದಿನಕ್ಕೆ ತಿರುಗಿ ಬೆದೆಗೆ ಬರುತ್ತದೆ. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ. ಹಾಲಿನ ಲೆಕ್ಕಕ್ಕೆ ಬರೆದರೆ ನಾನು ಸಾಯುತ್ತೇನೆ, ಲಸಿಕೆಯ ಲೆಕ್ಕಕ್ಕೆ ಬರೆದರೆ ಓದುವವರು ಸಾಯುತ್ತಾರೆ. ಇಪ್ಪತ್ತೊಂದು ದಿನ ಚೆನ್ನಾಗಿತ್ತು, ಆದರೆ ಮೂರು ಮಂಗಳವಾರಗಳಲ್ಲಿ ನನ್ನದು ಯಾವುದು ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅಮಾವಾಸ್ಯೆಗೊಂದು ಎಂದೂ ಯೋಚಿಸಿದೆ. ಜಿಡಗಾದ ಮಠಕ್ಕೆ ಹೋಗುವ ಮಂದಿಯನ್ನು ನೆನೆದು ಅದನ್ನು ಬಿಟ್ಟೆ. ಅವರಿಗೆ ಆ ದಿನ ಬೇರೆ ಕೆಲಸ ಇರುತ್ತದೆ.

ಕೊನೆಗೆ ಸೋಮವಾರ ಎಂದು ನಿಶ್ಚಯಿಸಿದೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವನ ವಾರ, ಎತ್ತಿಗೆ ಬಿಡುವು. ಹಾಗಾಗಿ ಅವತ್ತೇ ಆಸ್ಪತ್ರೆಗೆ ಎತ್ತುಗಳನ್ನು ಹೊಡೆದುಕೊಂಡು ಬರುತ್ತಾರೆ, ಸರದಿ ಬರುವತನಕ ಬೇವಿನ ಗಿಡದ ಕೆಳಗೆ ಫೋನ್ ಹಿಡಿದು ಕೂತಿರುತ್ತಾರೆ. ಓದಲು ಇದಕ್ಕಿಂತ ಒಳ್ಳೆಯ ದಿನ ಎಲ್ಲಿದೆ? ಬ್ಲಾಗಿನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದೆ: ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ. ಎತ್ತುಗಳ ಬಿಡುವಿನ ದಿನ ನನ್ನ ಹೆಗಲಿಗೆ ನಾನೇ ನೊಗ ಇಟ್ಟುಕೊಂಡೆ. ಅದು ಆಗ ನನಗೆ ಬಹಳ ಜಾಣತನವಾಗಿ ಕಂಡಿತ್ತು.

ಇಲ್ಲಿ ನನ್ನ ಅಕ್ಕನ ಬಗ್ಗೆ ಹೇಳಬೇಕು. ನಮ್ಮ ಹುಟ್ಟೂರು ಜಿಡಗಾದ ಹತ್ತಿರ. ಅಕ್ಕನನ್ನು ಮಾದನಹಿಪ್ಪರಗಾಕ್ಕೆ ಕೊಟ್ಟಾಗ ನನಗೆ ಐದು ವರ್ಷ. ಅವಳನ್ನು ಬಿಟ್ಟಿರಲಾರೆ ಎಂದು ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆನಂತೆ. ಎರಡು ದಿನಕ್ಕೆಂದು ಜೊತೆಗೆ ಕಳಿಸಿದರು, ನಾನು ಹತ್ತು ವರ್ಷ ಅಲ್ಲೇ ಉಳಿದೆ, ಅಲ್ಲೇ ಸಾಲಿ ಕಲಿತೆ. ಅದೇ ಬೇಸಿಗೆಯಲ್ಲಿ ಎರಡು ಮನೆ ಆಚೆಗಿನ ಮುಸಲ್ಮಾನರ ಮನೆಗೂ ಹೊಸ ಸೊಸೆ ಬಂದಿದ್ದರು. ಬಳೆ ವ್ಯಾಪಾರದ ಮನೆ ಅದು. ಅವರನ್ನು ನಾನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ, ಇಂದಿಗೂ ಎನ್ನುತ್ತೇನೆ. ಅಕ್ಕ ಸಾಲಿಯ ಮುಖ ಕಂಡವಳಲ್ಲ. ಆಪಾ ಏಳನೆಯ ತರಗತಿಯತನಕ ಕನ್ನಡ ಸಾಲಿಗೆ ಹೋದವರು. ನನ್ನ ಕೈಹಿಡಿದು ಪಾಟಿಯ ಮೇಲೆ ಅ ಆ ತಿದ್ದಿಸಿದವರು ಅವರೇ.

ಇಬ್ಬರೂ ಮಧ್ಯಾಹ್ನ ಕೂತು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಧೋತರ, ಹರಿದ ಓಢಣಿ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಅಂಚಿನಿಂದ ಶುರುಮಾಡಿ ಒಳಗೊಳಗೆ ಹೊಲಿಯುತ್ತ ಬರುವುದು. ನಲವತ್ತು ವರ್ಷದಿಂದ ಅದು ನಿಂತಿಲ್ಲ. ಮನೆಯವರೆಲ್ಲ ಹೊಲಕ್ಕೆ, ಅಂಗಡಿಗೆ ಹೋದ ಮೇಲೆ ಪಡಸಾಲೆಯಲ್ಲಿ ಕೌದಿ ಹಾಸುತ್ತಾರೆ, ಆಚೆ ಒಬ್ಬರು ಈಚೆ ಒಬ್ಬರು. ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ಕೌದಿಯ ಮೇಲೆ ಮೆಲ್ಲಗೆ ಸರಿಯುತ್ತಿರುತ್ತದೆ. ಮಾತು ಇದ್ದರೆ ಮಾತು, ಇಲ್ಲದಿದ್ದರೆ ದಾರ ಎಳೆಯುವ ಸದ್ದು. ನನ್ನ ಬಾಲ್ಯದ ನಿದ್ದೆಯೆಲ್ಲ ಆ ಸದ್ದಿನಲ್ಲಿ ಆದದ್ದು.

ಕೆಲವು ವರ್ಷದಿಂದ ಸಕ್ಕರೆ ಕಾಯಿಲೆ ಅಕ್ಕನ ಕಣ್ಣಿಗೆ ಇಳಿದಿದೆ. ಆಸ್ಪತ್ರೆ, ಲೇಸರ್, ಇಂಜೆಕ್ಷನ್ ಎಲ್ಲ ಆಯಿತು. 'ಬಣ್ಣ ಕಾಣ್ತದ ತಮ್ಮಾ, ಅಂಚು ಕಾಣಂಗಿಲ್ಲ' ಎನ್ನುತ್ತಾಳೆ. ಅವಳಿಗೆ ಈಗ ಜಗತ್ತೆಲ್ಲ ನೀರಿನಲ್ಲಿ ನೆನೆದ ಬಣ್ಣ. ಒಲೆಯ ಹತ್ತಿರ ಸೊಸೆ ಬಿಡುವುದಿಲ್ಲ, ಹೊಲಕ್ಕೆ ಹೋಗಲಾಗುವುದಿಲ್ಲ. ಆದರೆ ಕೌದಿ ಹೊಲಿಯಲು ಅವಳಿಗೆ ಕಣ್ಣು ಬೇಡ. ಎಡಗೈ ಹೆಬ್ಬೆರಳು ಹಿಂದಿನ ಸಾಲನ್ನು ಮುಟ್ಟಿ ನೋಡುತ್ತದೆ, ಬಲಗೈ ಹಿಂದೆಯೇ ಹೋಗುತ್ತದೆ. ಆಗದಿರುವುದು ಒಂದೇ, ಸೂಜಿಗೆ ದಾರ ಪೋಣಿಸುವುದು. ಅದು ಆಪಾರ ಪಾಲಿನ ಕೆಲಸ. ಅಕ್ಕನಿಗೆ ದಿನದಲ್ಲಿ ಉಳಿದಿರುವುದು ಆ ಮಧ್ಯಾಹ್ನ ಒಂದೇ, ಆ ಮಧ್ಯಾಹ್ನ ಆಪಾ ಬಂದರೆ ಮಾತ್ರ ಆಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎಂಬುದೇ ನನ್ನ ಸಂಕಟ.

ನನ್ನ ಬ್ಲಾಗನ್ನು ಓದುತ್ತಿದ್ದವರೂ ಆಪಾ. ಸೋಮವಾರ ಮಧ್ಯಾಹ್ನ ಹತ್ತು ಹೊಲಿಗೆ ಹಾಕಿ, ಕನ್ನಡಕ ಏರಿಸಿ, ತಮ್ಮ ಫೋನ್ ತೆಗೆದು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಾಲ್ಕು ಗಂಟೆಗೆ ಅಕ್ಕನ ಫೋನ್ ಬರುತ್ತಿತ್ತು. 'ಓದಿದ್ಲು ತಮ್ಮಾ. ಎಮ್ಮಿ ಸುದ್ದಿ ಛಲೋ ಇತ್ತು. ಮಳಿ ಸುದ್ದಿ ಸಪ್ಪಗಿತ್ತು.' ಅಷ್ಟೇ ವಿಮರ್ಶೆ. ಬ್ಲಾಗಿನ ಪರದೆಯ ಮೇಲೆ ಎಷ್ಟು ಮಂದಿ ನೋಡಿದರು ಎಂದು ತೋರಿಸುವ ಒಂದು ಗೆರೆ ಇರುತ್ತದಲ್ಲ, ಅದು ಏರಿದರೂ ಇಳಿದರೂ ನಾನು ಕಾಯುತ್ತಿದ್ದುದು ಆ ಫೋನನ್ನೇ.

ಮೊದಲ ಆರೇಳು ಸೋಮವಾರ ಹಬ್ಬವಾಗಿತ್ತು. ಆಮೇಲೆ ಸೋಮವಾರಗಳು ಬೇಗ ಬೇಗ ಬರತೊಡಗಿದವು. ಭಾನುವಾರ ಬೆಳಿಗ್ಗೆಯಿಂದಲೇ ಫೋನ್ ಹಿಡಿದು ಹಳೆಯ ಫೋಟೋಗಳನ್ನು ತಡಕುತ್ತಿದ್ದೆ. ಒಂದು ವಾರ ಬರೀ ಮೋಡದ ಫೋಟೋ ಹಾಕಿದೆ. ಇನ್ನೊಂದು ವಾರ ಭೀಮಾ ನದಿಯ ಸೇತುವೆಯ ಮೇಲೆ ನಿಂತು ನೀರು ಎಷ್ಟಿದೆ ಎಂದು ಬರೆದೆ, ನೀರಾವರಿ ಇಲಾಖೆಯವರು ಬರೆಯುವಂತೆ. ದನಗಳನ್ನು ನೋಡುವ ನನ್ನ ಕಣ್ಣೂ ಕೆಟ್ಟಿತು. ಕರು ಹಾಕಲಾರದೆ ಒದ್ದಾಡುತ್ತಿದ್ದ ಆಕಳ ಹಿಂದೆ ಮೊಣಕೈತನಕ ಕೈಹಾಕಿ ನಿಂತಾಗಲೂ ಇದು ಸೋಮವಾರಕ್ಕಾಗುತ್ತದೆಯೇ ಎಂದು ಯೋಚಿಸಿದೆ. ಕರು ಬದುಕಿತು. ಆದರೆ ಆ ಯೋಚನೆ ಬಂದದ್ದಕ್ಕೆ ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಒಂದು ಭಾನುವಾರ ಏನೂ ಇರಲಿಲ್ಲ. ಮಧ್ಯಾಹ್ನ ಉಂಡು, ಫ್ಯಾನಿನ ಕೆಳಗೆ ಮಲಗಿ, ಅರೆನಿದ್ದೆಯಲ್ಲಿ ತೇಲುತ್ತಿದ್ದೆ. ಆಗ ಅಕ್ಕ ಹಿಂದಿನ ದೀಪಾವಳಿಗೆ ಹೇಳಿದ್ದ ಮಾತು ನೆನಪಾಯಿತು. ಚಿಕ್ಕವನಿದ್ದಾಗ ನಾನು ಹೊದ್ದು ಮಲಗುತ್ತಿದ್ದ ಕೌದಿ ಈಗಲೂ ಅವಳ ಮನೆಯಲ್ಲಿದೆ. ಅದರ ನಡುವಿನ ಪದರದಲ್ಲಿ, ಯಾರಿಗೂ ಕಾಣದಂತೆ, ಆಪಾರ ಮದುವೆಯ ಪೆಟ್ಟಿಗೆಯ ಒಂದು ಬಟ್ಟೆಯ ತುಂಡು ಇದೆ. ಆಪಾರ ಕೌದಿಯಲ್ಲಿ ಅಕ್ಕನ ಪೆಟ್ಟಿಗೆಯದು. ಹೊಸ ಸೊಸೆಯರಾಗಿದ್ದಾಗ ಇಬ್ಬರೂ ಬದಲು ಮಾಡಿಕೊಂಡದ್ದು. ಯಾವ ಬಟ್ಟೆ, ಯಾಕೆ ಬದಲು ಮಾಡಿದರು ಎಂಬುದನ್ನೂ ಅಕ್ಕ ಹೇಳಿದ್ದಳು. 'ನಮ್ಮಿಬ್ಬರಿಗೇ ಗೊತ್ತು, ಈಗ ನಿನಗೂ' ಎಂದಿದ್ದಳು.

ಎದ್ದು ಕೂತು ಮೂರು ಸಾಲು ಬರೆದೆ. ಯಾವ ಬಟ್ಟೆ, ಯಾಕೆ, ಎಲ್ಲವೂ ಆ ಮೂರು ಸಾಲಿನಲ್ಲಿ ಬಂತು. ಹೆಸರು ಹಾಕಲಿಲ್ಲ, ಅದು ನನ್ನ ದೊಡ್ಡ ಮುನ್ನೆಚ್ಚರಿಕೆ. ಫೋನಿನಲ್ಲಿದ್ದ ಕೌದಿಯ ಫೋಟೋ ಒಂದನ್ನು ಮೇಲೆ ಇಟ್ಟು, ಬೆಳಿಗ್ಗೆ ಎಂಟಕ್ಕೆ ತಾನಾಗಿ ಹೋಗುವಂತೆ ಮಾಡಿ, ಹಗುರಾಗಿ ಮತ್ತೆ ಮಲಗಿದೆ. ಬಹಳ ಒಳ್ಳೆಯ ನಿದ್ದೆ ಬಂತು.

ಸೋಮವಾರ ನಾಲ್ಕಕ್ಕೆ ಫೋನ್ ಬರಲಿಲ್ಲ. ಐದಕ್ಕೂ ಬರಲಿಲ್ಲ. ಮರುದಿನ ನಾನೇ ಮಾಡಿದೆ.

'ಓದಿದ್ಲು' ಎಂದಳು ಅಕ್ಕ. 'ಓದಕೋತ ಓದಕೋತ ನಡುವ ನಿಲ್ಲಿಸಿದಳು. ನಾ ಮುಂದ ಅಂದೆ. ಫೋನ್ ಕೆಳಗ ಇಟ್ಟಳು. ಏಳು ಸೂಜಿಗೆ ದಾರ ಪೋಣಿಸಿದಳು, ಏಳೂ ಸೂಜಿ ಕೌದಿಗೆ ಚುಚ್ಚಿದಳು, ಎದ್ದು ಹೋದಳು. ಇವತ್ತ ಬಂದಿಲ್ಲ.'

ಆ ಬರಹವನ್ನು ಆಗಲೇ ತೆಗೆದುಹಾಕಿದೆ. ತೆಗೆದು ಏನು ಫಲ? ಸೋಮವಾರ ಬೆಳಿಗ್ಗೆಯೇ ಅದು ಮಾದನಹಿಪ್ಪರಗಾದ ವಾಟ್ಸಾಪ್ ಗುಂಪುಗಳಲ್ಲಿ ಮನೆಮನೆ ತಿರುಗಿ ಬಂದಿತ್ತು. ಹೆಸರಿಲ್ಲದ ಇಬ್ಬರು ಹೆಂಗಸರು ಯಾರು ಎಂದು ಗುರುತು ಹಿಡಿಯಲು ಆ ಊರಿಗೆ ಎರಡು ನಿಮಿಷ ಸಾಕು. ನಮ್ಮ ಅಕ್ಕ ಯಾರೆಂದು ಗೊತ್ತಿಲ್ಲದವರು ಅಲ್ಲಿ ಯಾರಿದ್ದಾರೆ?

ಭಾನುವಾರ ಹೋದೆ. ಜೇವರ್ಗಿಯಿಂದ ಭೀಮಾ ದಾಟಿ, ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಆಳಂದದಲ್ಲಿ ಮತ್ತೆ ಬದಲಿಸಿ. ಕಿಟಕಿಯ ಆಚೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ನಾನು ಮನಸ್ಸಿನಲ್ಲೇ ಆಪಾರ ಜೊತೆ ಮಾತಾಡುತ್ತಿದ್ದೆ, ಅವರು ಉತ್ತರ ಕೊಡುತ್ತಿರಲಿಲ್ಲ. ಅಕ್ಕ ಪಡಸಾಲೆಯಲ್ಲಿ ಒಬ್ಬಳೇ ಕೌದಿಯ ಈಚೆ ಬದಿ ಕೂತಿದ್ದಳು. ಏಳು ಸೂಜಿಗಳಲ್ಲಿ ಐದು ಬರಿದಾಗಿದ್ದವು. ಎರಡು ದಾರದ ಸಮೇತ ಹಾಗೇ ಚುಚ್ಚಿಕೊಂಡಿದ್ದವು. ಅವಳು ಉಳಿಸಿ ಉಳಿಸಿ ಹೊಲಿಯುತ್ತಿದ್ದಳು, ದಿನಕ್ಕೊಂದು ಗೇಣು.

'ಕೊಡು ಅಕ್ಕ, ನಾ ಪೋಣಿಸ್ತೇನಿ' ಎಂದೆ.

'ಬ್ಯಾಡ. ನಮ್ಮ ಸೊಸಿನೂ ಅಂದಳು, ಬ್ಯಾಡ ಅಂದೆ. ನಿನ್ನ ಕೆಲಸ ಬರ್ಯೂದು. ಹೋಗು, ನೀ ಅದನ್ನ ನೆಟ್ಟಗ ಮಾಡು.'

ಅಕ್ಕ ನನ್ನನ್ನು ಯಾವತ್ತೂ ಬೈದವಳಲ್ಲ. ಅದನ್ನು ಬೈಗುಳ ಎನ್ನಲೂ ಬಾರದು. ಆದರೂ ನನ್ನ ಕಣ್ಣು ತುಂಬಿ ಬಂತು, ಅವಳಿಗೆ ಕಾಣಲಿಲ್ಲ ಎಂದು ಸಮಾಧಾನಪಟ್ಟೆ. ಕಂಡಿರಲೂಬಹುದು.

ಆಪಾರ ಮನೆಯ ಬಾಗಿಲಲ್ಲಿ ಅವರ ಅತ್ತೆ ಮಂಚದ ಮೇಲೆ ಕೂತಿದ್ದರು. ತೊಂಬತ್ತರ ಹತ್ತಿರದ ಮುದುಕಿ, ಹಲ್ಲಿಲ್ಲ, ನಾಲಗೆ ಇದೆ. ತೊಡೆಯ ಮೇಲೆ ಒಂದು ಕಂದು ಬೆಕ್ಕು. ನನ್ನನ್ನು ಕಂಡಕೂಡಲೇ ಶುರುಮಾಡಿದರು. 'ಬಾರಪ್ಪಾ ಬಾ. ಪೆಟಗಿನಾಗಿನ ಬಟ್ಟಿ-ಅರಬಿ ಎಲ್ಲಿ ಹೋತ್ ಬೇ ಅಂದ್ರ, ಇಲಿ ಕಡದಾವ್ರಿ ಅಂತ ನನ್ನ ಸೊಸಿ ಹೇಳಿದ್ದಳು, ಹೊಸದಾಗಿ ಬಂದಾಗ. ಆ ಇಲಿ ಸಲುವಾಗಿ ನಾ ಬೆಕ್ಕು ತಂದೆ. ಇದು ಅದರ ಮರಿಮಗಳ ಮರಿಮಗಳು! ನಲವತ್ತು ವರ್ಷ ಹಾಲು ಹಾಕೇನಿ, ಇಲ್ಲದ ಇಲಿಗೆ!' ಎಂದು ಕೆಮ್ಮು ಬರುವತನಕ ನಕ್ಕರು. ಒಳಗಿದ್ದ ಆಪಾ ನಗಲಿಲ್ಲ.

ನಾನು ಹೋಗಿ ಅಡುಗೆಮನೆಯ ಹೊಸ್ತಿಲ ಹೊರಗೆ ಕೂತೆ. ತಪ್ಪಾಯಿತು ಎಂದೆ. ಅವರು ಪುಂಡಿಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ.

'ಗುಟ್ಟು ಹೇಳಿದ್ದಕ್ಕ ಸಿಟ್ಟು ಬಂದದ, ಸುಳ್ಳ್ಯಾಕ ಹೇಳ್ಲಿ' ಎಂದರು ಆಮೇಲೆ. 'ಆದ್ರ ಖರೇ ಸಿಟ್ಟು ಅದಲ್ಲ ತಮ್ಮಾ. ಮೂರು ಸಾಲು ಬರದಿ. ಮೂರೇ ಸಾಲು! ನಮ್ಮ ನಲವತ್ತು ವರ್ಷ ಮೂರು ಸಾಲಿನಾಗ ಒಗದಿ. ನಿನ್ನ ಕೈ ಹಿಡದು ಕಲಿಸಿದಾಕಿ ನಾ. ನೀ ಮನಸಿಟ್ಟು ಬರದದ್ದು ಯಾವುದು, ವಾರ ತಪ್ಪಬಾರದಂತ ಬರದದ್ದು ಯಾವುದು, ನನಗ ತಿಳ್ಯಾಂಗಿಲ್ಲೇನು?'

ನಾನೂ ಒಂದು ಕಡ್ಡಿ ಸೊಪ್ಪು ಎತ್ತಿಕೊಂಡು ಬಿಡಿಸತೊಡಗಿದೆ.

'ಸೋಮಾರ ಎತ್ತಿಗಾದ್ರೂ ಬಿಡುವು ಕೊಡ್ತಾರ' ಎಂದರು. 'ನೀ ನಮ್ಮಿಬ್ಬರ ಹೆಗಲ ಮ್ಯಾಲ ನೊಗ ಇಟ್ಟಿ.'

ಚಹಾ ಕೊಟ್ಟರು. ಚಹಾ ಕೊಡದೆ ಕಳಿಸುವ ಮನೆಯಲ್ಲ ಅದು. ಆದರೆ ಅಕ್ಕನ ಕಡೆ ಬರುತ್ತೀರಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಜೇವರ್ಗಿಗೆ ಬಂದವನೇ ಬ್ಲಾಗಿನ ನೆತ್ತಿಯ ಮೇಲಿನ ಆ ದಪ್ಪ ಅಕ್ಷರಗಳನ್ನು ಅಳಿಸಿದೆ. ಸೋಮವಾರ ಏನೂ ಹಾಕಲಿಲ್ಲ. ಮಂದಿ ಮರೆಯುತ್ತಾರೆ ಎಂದಿದ್ದನಲ್ಲ ತರಬೇತಿಯ ಆ ಹುಡುಗ, ಎಷ್ಟು ಮಂದಿ ಕೇಳುತ್ತಾರೋ ನೋಡೋಣ ಎಂದು ಕಾದೆ. ಇಬ್ಬರು ಕೇಳಿದರು. ಅದರಲ್ಲಿ ಒಬ್ಬಳು ನನ್ನ ಹೆಂಡತಿ. ಮೊದಲು ಮುಖ ಸಪ್ಪಗಾಯಿತು, ಆಮೇಲೆ ನಗು ಬಂತು. ಇಷ್ಟು ಮಂದಿಗಾಗಿ ನಾನು ಅಕ್ಕನ ಮಧ್ಯಾಹ್ನವನ್ನು ಕೊಟ್ಟುಬಿಟ್ಟಿದ್ದೆ.

ಹಳೆಯ ಲಸಿಕೆ ರಿಜಿಸ್ಟರಿನಲ್ಲಿ ಕೊನೆಯ ಕೆಲವು ಹಾಳೆ ಖಾಲಿ ಇದ್ದವು. ಅದರಲ್ಲಿ ಪೆನ್ನಿನಿಂದ ಬರೆಯಲು ಕೂತೆ. ಆ ಎರಡು ಬಟ್ಟೆಯ ತುಂಡುಗಳ ಕತೆಯನ್ನು ಮೊದಲಿನಿಂದ. ಗೊತ್ತಿರದ್ದನ್ನು ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳು ಒಂದು ಸಲಕ್ಕೆ ಒಂದೇ ಮಾತು ಹೇಳುತ್ತಿದ್ದಳು. ಪೆಟ್ಟಿಗೆ ತೆರೆದಾಗ ಯಾವ ವಾಸನೆ ಬರುತ್ತಿತ್ತು, ಕತ್ತರಿ ಯಾರ ಮನೆಯದು, ಆಗ ಇಬ್ಬರಲ್ಲಿ ಯಾರು ಹೆಚ್ಚು ಹೆದರಿದ್ದರು. ಒಂದು ಮಾತನ್ನು ನಾಲ್ಕು ದಿನ ತಲೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ತೊಗರಿಯ ಹಳದಿಯೆಲ್ಲ ಉದುರಿ ಕಾಯಿ ಕಟ್ಟಿತ್ತು. ಬೈಕಿನ ಮೇಲೆ ಹೋಗುವಾಗ ನಾನು ಮತ್ತೆ ಐದು ವರ್ಷದವನಾಗಿ ಆ ಕೌದಿಯ ಕೆಳಗೆ ಇರುತ್ತಿದ್ದೆ. ನನ್ನ ಮೈಗೂ ಅದರ ಮೇಲಿನ ಬಣ್ಣಗಳಿಗೂ ನಡುವೆ ಆ ತುಂಡು ನನ್ನನ್ನು ಮುಚ್ಚಿಕೊಂಡಿತ್ತು, ನನಗೇ ಗೊತ್ತಿಲ್ಲದೆ. ಇದು ತಿಳಿದ ದಿನ ಹಳ್ಳಿಯ ಹೊರಗೆ ಬೈಕ್ ನಿಲ್ಲಿಸಿ ಇಳಿದೆ. ಎಷ್ಟು ಸೋಮವಾರ ಹೋದವು ಎಂದು ನೋಡಲಿಲ್ಲ. ನಾಲ್ಕು ಪುಟವಾಯಿತು.

ಆ ಹಾಳೆಗಳನ್ನು ಹರಿದುಕೊಂಡು ಮತ್ತೆ ಮಾದನಹಿಪ್ಪರಗಾಕ್ಕೆ ಹೋದೆ. ಅಕ್ಕನ ಪಡಸಾಲೆಯಲ್ಲಿ ಕೌದಿ ಮಡಚಿ ಮೂಲೆಗೆ ಇಟ್ಟಿತ್ತು. ಕೊನೆಯ ಸೂಜಿ ಮಾತ್ರ ದಾರದ ಸಮೇತ ಅದಕ್ಕೆ ಚುಚ್ಚಿತ್ತು. ಅದನ್ನು ಅವಳು ಮುಟ್ಟಿರಲಿಲ್ಲ. ಮುಟ್ಟಿದರೆ ಮುಗಿಯುತ್ತದಲ್ಲ. ಬೆಳಕಿಂಡಿಯ ಬಿಸಿಲು ಬರಿನೆಲದ ಮೇಲೆ ಬಿದ್ದಿತ್ತು, ಅಕ್ಕ ಗೋಡೆಗೆ ಆನಿಕೊಂಡು ಆ ಬೆಳಕಿನ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಕೈ ಎರಡೂ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆ ಕೈ ಸುಮ್ಮನಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಎರಡು ಮನೆ ಆಚೆ ಹೋಗಿ ಕೊಟ್ಟೆ. ಆಪಾ ತಮ್ಮ ಬಾಗಿಲಲ್ಲೇ ನಿಂತು ಓದಿದರು. ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತ, ನಾಲ್ಕೂ ಪುಟ. ಬೆಕ್ಕು ಅವರ ಕಾಲು ಸುತ್ತಿತು, ಅತ್ತೆ ಏನೋ ಕೇಳಿದರು, ಅವರು ಯಾವುದಕ್ಕೂ ಗಮನ ಕೊಡಲಿಲ್ಲ. ಮುಗಿದ ಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಕೈ ಚಾಚಿದರು. 'ಪೆನ್ ಕೊಡು.'

ಕೊಟ್ಟೆ.

'ಇಲ್ಲಿ ತಪ್ಪದ. ಆ ದಿನ ಬಿಸಿಲಿರಲಿಲ್ಲ. ಮಾಡ ಕವದಿತ್ತು.' ಬಿಸಿಲು ಎಂಬ ಮಾತನ್ನು ಹೊಡೆದು ಮೇಲೆ ದುಂಡಗೆ ಮೋಡ ಎಂದು ಬರೆದರು. ಪಾಟಿಯ ಮೇಲೆ ನನಗೆ ಬರೆದುಕೊಡುತ್ತಿದ್ದ ಅದೇ ಅಕ್ಷರ. ಆಮೇಲೆ ಚಪ್ಪಲಿ ಮೆಟ್ಟಿ, ಕಾಗದ ಹಿಡಿದು, ನನ್ನನ್ನು ಅಲ್ಲೇ ಬಿಟ್ಟು ನಡೆದರು. ನಾನು ಹಿಂದಿನಿಂದ ಓಡಿದೆ.

ಹೆಜ್ಜೆಯ ಸದ್ದು ಕೇಳಿ ಅಕ್ಕ ಮುಖ ತಿರುಗಿಸಿದಳು. 'ಯಾರು?' ಎಂದಳು. ಯಾರೆಂದು ಅವಳಿಗೆ ಖಂಡಿತ ಗೊತ್ತಿತ್ತು.

'ಸೂಜಿ ಎಲ್ಲಿ ಅದಾವ ಬೇ?' ಎಂದರು ಆಪಾ.

ಅಕ್ಕ ತಡಕಾಡಿ ಮಗ್ಗುಲಲ್ಲಿದ್ದ ಡಬ್ಬಿ ಮುಂದೆ ಸರಿಸಿದಳು. ಆಪಾ ಮೊದಲು ಆರೂ ಸೂಜಿಗೆ ದಾರ ಪೋಣಿಸಿದರು. ಕೌದಿ ಬಿಚ್ಚಿ ಹಾಸಿದರು. ಆಮೇಲೆ ಓದಿದರು, ಗಟ್ಟಿಯಾಗಿ, ನಿಧಾನವಾಗಿ, ಎಲ್ಲಿಯೂ ನಿಲ್ಲದೆ. ಅಕ್ಕನ ಕೈ ಓದಿನ ನಡುವೆ ಎಲ್ಲೋ ತಾನಾಗಿಯೇ ಸೂಜಿ ಹಿಡಿದಿತ್ತು. ಓದು ಮುಗಿದ ಮೇಲೆ ಆಪಾ ಕೌದಿಯ ಆಚೆ ಬದಿಗೆ ಕೂತು ತಮ್ಮ ಸೂಜಿ ಎತ್ತಿಕೊಂಡರು. ನಾನು ಗೋಡೆಯ ಬದಿಗೆ ಮಲಗಿ ದಾರ ಎಳೆಯುವ ಸದ್ದು ಕೇಳುತ್ತ, ಮುಜುಗರವಿಲ್ಲದೆ ಹೇಳುತ್ತೇನೆ, ನಿದ್ದೆಹೋದೆ.

ಆ ಕೌದಿ ಮುಗಿಯುವ ದಿನ ಅಕ್ಕ ನನ್ನನ್ನು ಕರೆಸಿದಳು. ಕೌದಿಯ ಹೊಲಿಗೆ ಅಂಚಿನಿಂದ ಬಂದು ಬಂದು ಕೊನೆಗೆ ನಡುವೆ ಅಂಗೈ ಅಗಲದ ಬಾಯಿ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅಲ್ಲಿಗೆ ರೊಟ್ಟಿಯ ಒಂದು ತುತ್ತು ಹಾಕಿ ಮುಚ್ಚುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎಂದು ಅವರ ನಂಬಿಕೆ. ಒಮ್ಮೆ ಹಾಕಿದರೆ ಮುಗಿಯಿತು, ಮತ್ತೆ ಬಿಚ್ಚಿ ಉಣಿಸುವುದಿಲ್ಲ. ಆಪಾ ಜೋಳದ ರೊಟ್ಟಿಯ ತುಂಡೊಂದನ್ನು ಒಳಗಿಟ್ಟರು. ಅಕ್ಕ ನನ್ನ ಕಡೆ ಕೈ ಚಾಚಿದಳು.

'ಆ ಕಾಗದ ಕೊಡು.'

ನನಗೆ ತಿಳಿಯಿತು, ಆದರೂ ತಿಳಿಯದವನಂತೆ ಕೂತೆ. ನಾನು ಬರೆದದ್ದರಲ್ಲೆಲ್ಲ ಚೆನ್ನಾಗಿದ್ದದ್ದು ಅದು. ಅವರು ಒಪ್ಪಿದರೆ ಅದನ್ನೇ ಬ್ಲಾಗಿಗೆ ಹಾಕುವ ಆಸೆ ನನಗಿತ್ತು, ಈಗ ಮುಚ್ಚಿಟ್ಟು ಏನು? ಅವತ್ತಿನಿಂದ ಅದು ನನ್ನ ಚೀಲದಲ್ಲೇ ಇತ್ತು, ಬೇರೆ ಪ್ರತಿ ಇರಲಿಲ್ಲ. ಒಂದು ಫೋಟೋ ಆದರೂ ತೆಗೆದುಕೊಳ್ಳಲೇ ಎಂದು ಕೈ ಜೇಬಿನತನಕ ಹೋಯಿತು. ಆಪಾ ಕನ್ನಡಕದ ಮೇಲಿನಿಂದ ನನ್ನ ಆ ಕೈಯನ್ನೇ ನೋಡುತ್ತಿದ್ದರು. ಕೈ ಬರಿದಾಗಿ ಹೊರಗೆ ಬಂತು. ಕಾಗದ ಕೊಟ್ಟೆ.

'ತೊ‍ಳದಾಗ ಕರಗಿ ಹೋಗ್ತದ' ಎಂದೆ, ಕೊನೆಯ ಆಸೆಗೆ.

'ಕರಗ್ಲಿ ಬಿಡು' ಎಂದಳು ಅಕ್ಕ. 'ಒಳಗ ಇರ್ತದಲ್ಲ.'

ಮಡಿಕೆ ಮಾಡಿ ರೊಟ್ಟಿಯ ಪಕ್ಕ ಇಟ್ಟು ಬಾಯಿ ಹೊಲಿದರು. ನಾನು ನೋಡುತ್ತಿದ್ದಂತೆಯೇ ಕೊನೆಯ ಹೊಲಿಗೆ ಬಿತ್ತು. ಹೊಟ್ಟೆಕಿಚ್ಚಿನಂಥದ್ದೇನೋ ಒಂದು ಎದೆಯಲ್ಲಿ ಉರಿದು, ಆಮೇಲೆ ತಣ್ಣಗಾಯಿತು.

'ಹಾಂಗಾದ್ರ ನಾ ಏನ್ ಬರೀಲಿ? ಯಾವಾಗ ಬರೀಲಿ?' ಎಂದು ಕೇಳಿದೆ. ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ.

'ಕೌದಿಗೊಂದು ಬರಿ' ಎಂದರು ಆಪಾ. 'ಕೌದಿ ಮುಗದಾಗ ನಾವು ಫೋನ್ ಮಾಡ್ತೇವಿ. ಮೊದಲ ನಾ ಓದ್ತೇನಿ. ಇಲಿ ಮಾತು ಬರಿ, ಬೆಕ್ಕಿನ ಮಾತೂ ಬರಿ, ಅದು ನಗೂದು. ಅರಬಿ ಯಾವುದು, ಯಾಕ ಅನ್ನೂದು ಬ್ಯಾಡ.'

'ಒಂದು ಕೌದಿಗೆ ಎಷ್ಟು ದಿನ ಬೇಕು?'

'ಮುಗದಾಗ ಮುಗೀತದ' ಎಂದಳು ಅಕ್ಕ.

ಆಮೇಲೆ ಮೂರು ಕೌದಿಗಳಾಗಿವೆ, ಇದು ಮೂರನೆಯದರ ಬರಹ. ಆಪಾ ಓದಿ ಎರಡು ಕಡೆ ಹೊಡೆದುಹಾಕಿದ್ದಾರೆ. ಬ್ಲಾಗಿನ ಗೆರೆ ನೆಲಕ್ಕೆ ಅಂಟಿಕೊಂಡಿದೆ. ಸೋಮವಾರ ಆಸ್ಪತ್ರೆಯ ಬೇವಿನ ಕೆಳಗೆ ಎತ್ತುಗಳು ಮಲಗಿ ಮೆಲುಕು ಹಾಕುತ್ತಿರುತ್ತವೆ, ನಾನೂ ಅವುಗಳ ಜೊತೆ ಸುಮ್ಮನೆ ನಿಂತಿರುತ್ತೇನೆ.

ಮೊನ್ನೆ ಅಕ್ಕನ ಫೋನ್ ಬಂತು. 'ಹೊಸಾದು ಹಾಸೇವಿ ತಮ್ಮಾ' ಎಂದಳು. ಎಷ್ಟು ದಿನಕ್ಕೆ ಆಗಬಹುದು ಎಂದು ಬಾಯಿಗೆ ಬಂದಿತ್ತು, ಕೇಳಲಿಲ್ಲ. 'ಸೂಜಿ ಯಾರು ಪೋಣಿಸ್ಯಾರ?' ಎಂದು ಕೇಳಿದೆ. ಆ ಕಡೆಯಿಂದ ಇಬ್ಬರೂ ನಕ್ಕದ್ದು ಕೇಳಿಸಿತು.